ನಾದಿನಿ ಬಂಡೆ ಹತ್ತಿದ್ದು

ಅಪಾಯದಲ್ಲಿರುವವರಿಗಿಂತ ಅದನ್ನು ನೋಡುತ್ತ ನಿಂತವರಿಗೇ ಹೆಚ್ಚು ಸುಸ್ತಾಗುತ್ತದೆ ಎಂಬುದು ನನ್ನ ಅನುಭವ. ಖಡಕಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು, ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಹೆಂಡತಿಯಿಂದ ಕಾಲು ಹಿಡಿಸಿಕೊಳ್ಳುತ್ತಿದ್ದೆ. ಕಿಟಕಿಯಿಂದ ನೋಡಿದ ನೆರೆಯವರು ಅದನ್ನು ಪತಿಭಕ್ತಿ ಎಂದು ತಿಳಿದಿದ್ದರು. ಇಂಥವನ ಮನೆಗೆ ಎಪ್ಪತ್ತರ ದಶಕದ ಕೊನೆಯಲ್ಲಿ ನಾದಿನಿ ಸುಮಿತ್ರಾ ಬಂದಳು. ಬಿಬವೇವಾಡಿಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಕೋಥರೂಡಿನ ನಮ್ಮ ಎರಡು ಕೋಣೆಗಳಲ್ಲಿ ಅವಳಷ್ಟು ಸದ್ದಿಲ್ಲದ ಜೀವ ಬೇರೆ ಇರಲಿಲ್ಲ. ಭಾನುವಾರ ಮಾತ್ರ ಕ್ಯಾನ್ವಾಸ್ ಬೂಟು ತೊಟ್ಟು ಹೊರಟುಬಿಡುತ್ತಿದ್ದಳು. ಗೆಳತಿಯರೊಂದಿಗೆ ಗುಡ್ಡ ಸುತ್ತುತ್ತಾಳೆ ಎಂದುಕೊಂಡಿದ್ದೆವು. ಒಂದು ಸಂಜೆ ಅವಳ ಶಾಲೆಯ ಟೀಚರೊಬ್ಬರು ನಮ್ಮಲ್ಲಿ ಚಹಾ ಕುಡಿಯುತ್ತ, ಸುಮಿತ್ರಾ ಹಗ್ಗವಿಲ್ಲದೆ ಕಡಿದಾದ ಬಂಡೆ ಹತ್ತುತ್ತಾಳೆಂದು ಮರಾಠಿಯಲ್ಲಿ ಹೆಮ್ಮೆಯಿಂದ ಹೇಳಿಹೋದರು.

ಅಲ್ಲಿಗೆ ನನ್ನ ಭಾನುವಾರಗಳು ಕೆಟ್ಟವು. ಅವಳು ಹೊರಟಳೆಂದರೆ ಪೇಪರು ಹಿಡಿಯುತ್ತಿದ್ದೆ, ಬಿಡುತ್ತಿದ್ದೆ. ಬಾಗಿಲಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಕೊನೆಗೆ ಹೆಂಡತಿಗೆ ತಡೆಯಲಾಗಲಿಲ್ಲ. "ಹಿಂಗ ಮನ್ಯಾಗ ಗಿರಕಿ ಹೊಡ್ಯೂದಕ್ಕಿಂತ ಅಕಿ ಜೋಡಿ ಹೋಗಿ ನೋಡ್ರಿ. ಆದ್ರ ಆ ಹುಚ್ಚ ಬಿಡಿಸಿಕೊಂಡ ಬರ್ರಿ" ಎಂದಳು.

ಹೋದೆ. ಬಸ್ಸಿಳಿದು ಒಂದು ಗಂಟೆ ನಡೆದ ಮೇಲೆ ನಾಲ್ಕು ಮಹಡಿಯಷ್ಟು ಎತ್ತರದ ಕಪ್ಪು ಬಂಡೆ ಎದುರಾಯಿತು.

"ಬಿದ್ರ ಏನ್ ಮಾಡ್ತೀ?" ಎಂದು ಕೇಳಿದೆ.

"ಬೀಳೂ ಹಂಗಿದ್ರ ಹತ್ತೂದಿಲ್ಲ, ಭಾವಾ. ಹಗ್ಗಾ ಕಟ್ಕೊಂಡು ಇಪ್ಪತ್ತ ಸಲಾ ಹತ್ತೀನಿ. ಎಲ್ಲಿ ಬೆರಳ ಇಡಬೇಕು ಅನ್ನೂದು ಬಾಯಿಪಾಠ ಅದ."

ಹೇಳಿ ಹತ್ತತೊಡಗಿದಳು. ಅವಸರವಿಲ್ಲ, ಒದ್ದಾಟವಿಲ್ಲ. ಕಲ್ಲನ್ನು ಬೆರಳಿನಿಂದ ಮುಟ್ಟಿ ನೋಡುವಳು, ಕಾಲ್ಬೆರಳೂರುವಳು, ಒಂದು ಉಸಿರು ಬಿಟ್ಟು ಮೇಲೇರುವಳು. ಇಷ್ಟು ಅಂದದ ಕೆಲಸವನ್ನು ನಾನು ಹಿಂದೆ ಕಂಡಿರಲಿಲ್ಲ. ಅರ್ಧದವರೆಗೆ ಕಂಡೆ. ಆಮೇಲೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ದೇವರನ್ನು ನೆನೆಯುತ್ತ ಅತ್ತಿಂದಿತ್ತ ತಿರುಗಾಡಿದೆ.

"ಭಾವಾ," ಮೇಲಿನಿಂದ ದನಿ ಬಂತು. "ನನ್ನ ಎಡ ಮೊಣಕಾಲ ಹತ್ರ ಬಿರುಕ ಅದ ಏನ ನೋಡ್ರಿ."

ಕಣ್ಣು ಬಿಟ್ಟೆ. ಅವಳು ಗೋಡೆಯ ಹಲ್ಲಿಯಂತೆ ನಿಂತಲ್ಲೇ ನಿಂತಿದ್ದಳು. "ನಿನ್ನ ಎಡಕ್ಕೋ, ನನ್ನ ಎಡಕ್ಕೋ?" ಎಂದೆ.

"ಇಬ್ಬರೂ ಬಂಡೆ ಕಡೇನ ಮುಖಾ ಮಾಡೀವಿ. ಎರಡೂ ಒಂದ."

ಹುಡುಕಿದೆ. "ಅದ. ಒಂದು ಗೇಣು ಮ್ಯಾಲ. ಎರಡ ಬೆರಳ ಅಗಲ."

ಅಲ್ಲಿ ಕಾಲಿಟ್ಟು ಮೇಲೆದ್ದಳು. ಮುಂದಿನ ಹೆಜ್ಜೆಗಳನ್ನೂ ಕೇಳಿದಳು. ನಾನೂ ಒಂದೊಂದಾಗಿ ಹೇಳಿದೆ, ಕೊನೆಕೊನೆಗೆ ಗದರಿಸಿಯೇ ಹೇಳಿದೆ. ತುದಿ ಮುಟ್ಟಿ, ಹಿಂದಿನ ಕಾಲುದಾರಿಯಿಂದ ಇಳಿದು ಬಂದಾಗ ಅವಳ ಉಸಿರೂ ಏರಿರಲಿಲ್ಲ; ನನ್ನ ಅಂಗಿ ಬೆವರಿಗೆ ತೊಯ್ದಿತ್ತು.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ನಾನಿಲ್ಲದಿದ್ದರೆ ಇಂದು ಏನಾಗುತ್ತಿತ್ತೋ ಎಂದೂ ಸೇರಿಸಿದೆ. ಹೆಂಡತಿ ಗಾಬರಿಯಿಂದ ತಂಗಿಯತ್ತ ನೋಡಿದಳು.

"ಬಿರುಕ ನನಗ ಗೊತ್ತಿತ್ತಕ್ಕಾ," ಎಂದಳು ಸುಮಿತ್ರಾ, ಚಹಾ ಆರಿಸುತ್ತ. "ಭಾವ ಕೆಳಗ ಇದ್ದಬಿದ್ದ ದೇವರನ್ನೆಲ್ಲಾ ಭಾಳ ಜೋರಾಗಿ ಕರ್ಯಾಕತ್ತಿದ್ರು. ನನಗ ಲಕ್ಷ್ಯ ನಿಲ್ಲಲಿಲ್ಲ. ಅದಕ್ಕ ಅವರಿಗೊಂದು ಕೆಲಸಾ ಹಚ್ಚಿದೆ."

ಕಾಲ್ಬೆರಳ ತುದಿಯಲ್ಲಿ, ನೆಲದಿಂದ ಎರಡು ಮಹಡಿ ಮೇಲೆ ನಿಂತು, ಅವಳು ನನ್ನನ್ನು ಸಂಭಾಳಿಸಿದ್ದಳು.

"ಮುಂದಿನ ವಾರಾನೂ ಇವರನ್ನ ಕರಕೊಂಡ ಹೋಗ್ತೀ?" ಎಂದು ಹೆಂಡತಿ ಕೇಳಿದಳು.

"ಬ್ಯಾಡಕ್ಕಾ," ಎಂದಳು ಸುಮಿತ್ರಾ. "ಅವರನ್ನ ಹಗ್ಗಾ ಇಲ್ಲದ ಹಿಡಿಯೂದು ಆಗೂದಿಲ್ಲ."