ತಿಮ್ಮಿಯ ಚಿಕಿತ್ಸೆಯಿಂದ ಕುಮಾರನು ಗುಣಮುಖನಾದದ್ದು

ದೇಹದಲ್ಲಿ ದೋಷವಿಲ್ಲದೆ, ಮನಸ್ಸಿನ ಕಳವಳದಿಂದಲೇ ಗಂಡಸರಿಗೆ ಬರುವ ನಿಮಿರು ದೌರ್ಬಲ್ಯಕ್ಕೆ ಬಯೋಫೀಡ್‌ಬ್ಯಾಕ್ ಯಂತ್ರವು ಉತ್ತಮ ಪರಿಹಾರವಾಗಿದೆ. ಬೆರಳಿಗೆ ತಂತಿ ಕಟ್ಟಿದಾಗ, ಮನಸ್ಸು ಬಿಗಿದಿದ್ದರೆ ಕೆಂಪು ದೀಪ, ಸಡಿಲಗೊಂಡರೆ ಹಸಿರು ದೀಪ ಹೊತ್ತುತ್ತದೆ. ದೀಪವನ್ನು ನೋಡುತ್ತ ರೋಗಿಯು ಸಡಿಲಗೊಳ್ಳುವುದನ್ನು ಕಲಿಯತಕ್ಕದ್ದು. ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟವರಿಗಾಗಿ ಇದ್ದ ಕಾರವಾರದ ನಿರಾಶ್ರಿತರ ಆರೋಗ್ಯ ಘಟಕಕ್ಕೆ ಇಂಥ ಯಂತ್ರವೊಂದು 2004ರಲ್ಲಿ ಮಂಜೂರಾಯಿತು.

ಮೊದಲ ಅರ್ಜಿದಾರ ತೋಡೂರಿನ ನಿರಾಶ್ರಿತರ ಕಾಲೊನಿಯ ಕುಮಾರ. ಮಳೆಗಾಲ ಮುಗಿಯುವುದರೊಳಗೆ ಗುಣವಾಗದಿದ್ದರೆ ಅಂಕೋಲೆಯ ತವರಿಗೆ ಹೋಗಿ ಅಲ್ಲಿಯೇ ಉಳಿಯುವುದಾಗಿ ಅವನ ಹೆಂಡತಿ ಭಾರತಿ ತಿಳಿಸಿದ್ದಳು.

ಕಾಲೊನಿಯ ಮನೆಗೆ ಒಂದೇ ಕೋಣೆ. ನಡುವೆ ಒಂದು ಸೀರೆಯ ಮರೆ. ಆಚೆ ಕುಮಾರನ ತಾಯಿ ತಿಮ್ಮಿ ಮಲಗುತ್ತಿದ್ದಳು. ಮಂಚ ಕಿರ್ರೆಂದರೆ ಸಾಕು, "ಮಗಾ, ನೀರು ಬೇಕಾ?" ಎಂದು ವಿಚಾರಿಸುತ್ತಿದ್ದಳು. ಇದು ವೈದ್ಯಕೀಯ ಮಾಹಿತಿಯಲ್ಲವಾದ್ದರಿಂದ ಯಾರೂ ಬರೆದುಕೊಳ್ಳಲಿಲ್ಲ.

ಅಧೀಕ್ಷಕ ಸತೀಶ ಅವರು ನಿಯಮವನ್ನು ವಿವರಿಸಿದರು: ಸವಲತ್ತು ಕುಟುಂಬದ ಯಜಮಾನರಿಗೆ ಮಾತ್ರ. ದಾಖಲೆಯ ಪ್ರಕಾರ ಯಜಮಾನಿ ತಿಮ್ಮಿ.

"ತೊಂದ್ರೆ ಇರೂದು ನಂಗೆ, ಸಾಹೇಬ್ರೆ."

"ಇರಬಹುದು. ಸವಲತ್ತು ಇರುವುದು ಅವರಿಗೆ."

"ಅವ್ವಿಗೆ ಈ ರೋಗ ಬರೂಕೇ ಸಾಧ್ಯ ಇಲ್ಲ."

"ಹಾಗಾದರೆ ಬೇಗ ಗುಣವಾಗುತ್ತಾರೆ."

ತಿಮ್ಮಿ ಪ್ರತಿದಿನ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಯಂತ್ರದ ಮುಂದೆ ಕುಳಿತಳು. ತಂತಿ ಕಟ್ಟಿದೊಡನೆ ಹಸಿರು ದೀಪ ಹೊತ್ತಿತು.

"ಏನೂ ಯೋಚನೆ ಮಾಡ್ಬೇಡಿ, ಅಮ್ಮಾ," ಎಂದಳು ಯಂತ್ರ ನಡೆಸುವ ಮನಿಷಾ.

"ಯೋಚ್ನೆ ಮಾಡೂಕೆ ಎಂತ ಉಳದದೆ? ಗದ್ದೆ ಹೋಯ್ತು, ದನ ಹೋಯ್ತು. ಇಲ್ಲಿ ಫ್ಯಾನ್ ಅದೆ."

ಇತ್ತ ಅರ್ಜಿಯಲ್ಲಿ ರೋಗಿಯೆಂದಿದ್ದ ಕಾರಣಕ್ಕೆ ಕುಮಾರನಿಗೆ ಕೆಲಸದಿಂದ ಬೆಳಗಿನ ರಜೆ ದೊರೆಯಿತು. ಮನೆಯಲ್ಲಿ ಅವನೂ ಭಾರತಿಯೂ ಮಾತ್ರ.

ಮಳೆಗಾಲ ಮುಗಿಯಿತು. ಭಾರತಿ ತವರಿಗೆ ಹೋಗಲಿಲ್ಲ.

ಕುಮಾರ ಪ್ರಾಮಾಣಿಕನಾದ್ದರಿಂದ ಘಟಕಕ್ಕೆ ಬಂದು, "ಇನ್ನೊಂದು ಕೋಣೆ ಕೊಟ್ಟಿದ್ರೂ ಸಾಕಾಗಿತ್ತು," ಎಂದ.

"ಕೋಣೆ ಬೇರೆ ಇಲಾಖೆಯದು," ಎಂದರು ಸತೀಶ. "ನಮ್ಮಲ್ಲಿರುವುದು ಯಂತ್ರ."

ತಾಯಿಗೆ ಚಿಕಿತ್ಸೆ ನೀಡಿದರೆ ಮಗನು ಗುಣಮುಖನಾಗುವನೆಂಬುದು ಹೀಗೆ ಸಾಬೀತಾಯಿತು. ಪ್ರಕಟಣೆ ಹೊರಟಿತು: ವಿವಾಹಿತ ಪುರುಷರು ತಮ್ಮ ತಾಯಂದಿರನ್ನು ಚಿಕಿತ್ಸೆಗೆ ಕಳುಹಿಸತಕ್ಕದ್ದು, ತಾಯಿ ಇಲ್ಲದವರು ಮನೆಯಲ್ಲಿರುವ ಅತ್ತೆಯನ್ನೋ ಚಿಕ್ಕಮ್ಮನನ್ನೋ ಕಳುಹಿಸಬಹುದು. ಅಮದಳ್ಳಿಯ ಕಾಲೊನಿಯಿಂದಲೂ ಬಸ್ಸು ತುಂಬಿ ಬರತೊಡಗಿತು. ಸೊಸೆಯಂದಿರೇ ಅತ್ತೆಯರಿಗೆ ಊಟದ ಡಬ್ಬಿ ಕಟ್ಟಿ, ನಿಲ್ದಾಣದವರೆಗೆ ಬಂದು ಹತ್ತಿಸುತ್ತಿದ್ದರು.

ತಿಮ್ಮಿಯ ಚಿಕಿತ್ಸೆ ಸಂಪೂರ್ಣವಾಯಿತೆಂದು ಘೋಷಿಸಿದ ದಿನ ಭಾರತಿ ಖುದ್ದಾಗಿ ಹಾಜರಾದಳು.

"ಅತ್ತೆಗೆ ಇನ್ನೂ ಪೂರಾ ಗುಣ ಆಗ್ಲಿಲ್ಲ, ಸಾಹೇಬ್ರೆ," ಎಂದಳು.

ಅವಧಿಯನ್ನು ವಿಸ್ತರಿಸಲಾಯಿತು. ತಿಮ್ಮಿ ಕುರ್ಚಿಯನ್ನು ಫ್ಯಾನಿನ ಕೆಳಗೆ ಸರಿಯಾಗಿ ಎಳೆದುಕೊಂಡು ಬೆರಳು ಚಾಚಿದಳು.