ಪಂಕ್ತಿ ಎಬ್ಬಿಸಿದ ಮೂಗು

ನಮ್ಮ ವಂಶದಲ್ಲಿ ಯಾರಿಗೂ ಆಸ್ತಿ ಬರಲಿಲ್ಲ, ನನಗೆ ಮಾತ್ರ ಮೂಗು ಬಂತು. ಹಾಲು ಒಡೆಯುವ ಹಿಂದಿನ ದಿನವೇ ಮೂಸಿ ಹೇಳುತ್ತಿದ್ದೆ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಯಾರ ಮನೆಯಲ್ಲಿ ಏನು ಒಗ್ಗರಣೆ ಎಂದು ಸ್ಕೂಟರಿನಿಂದ ಇಳಿಯದೆ ಹೇಳಬಲ್ಲ ಮಹಾನುಭಾವ ನಾನು! ಆದ್ದರಿಂದ ತಂಗಿ ಗಿರಿಜಾ ಕೆಂಗೇರಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಾಗ ಅಡುಗೆಯ ಉಸ್ತುವಾರಿ ನನ್ನ ಹೆಗಲೇರಿತು.

"ಅಣ್ಣಾ, ಊಟ ಒಂದು ಸರಿಯಾಗಿ ಆಗ್ಬೇಕು ಕಣೋ. ನಮ್ಮತ್ತೆ ಎಲ್ಲದರಲ್ಲೂ ತಪ್ಪು ಹುಡುಕ್ತಾರೆ. ಅವತ್ತೊಂದು ದಿನ ಅವರಿಂದ ಒಂದು ಮಾತೂ ಬರಬಾರ್ದು."

"ನಾನಿದೀನಲ್ಲ!" ಎಂದೆ.

ಅದಕ್ಕೆ ಸ್ವಲ್ಪ ಮುಂಚೆ ನನಗೊಂದು ಭಾರಿ ನೆಗಡಿ ಬಂದುಹೋಗಿತ್ತು. ಮೂಗು ಕೆಲವು ವಾರ ರಜೆ ಹಾಕಿ ಮತ್ತೆ ಕೆಲಸಕ್ಕೆ ಬಂತು. ಬಂದಿದ್ದೇ ತಡ, ಊರೆಲ್ಲ ನಾರತೊಡಗಿತು! ಹೆಂಡತಿ ಶಶಿಕಲಾ ಈರುಳ್ಳಿ ಹುರಿದರೆ ಸತ್ತ ಇಲಿಯ ವಾಸನೆ. ಫ್ರಿಡ್ಜ್ ಎಳೆದೆ, ಬೀರು ಎಳೆದೆ, ಸೊಂಟ ಹಿಡಿಯಿತು. ಇಲಿ ಸಿಗಲಿಲ್ಲ.

"ನನಗೇನೂ ವಾಸನೆ ಬರ್ತಿಲ್ವಲ್ರೀ?" ಎಂದಳು ಶಶಿಕಲಾ.

ಪಾಪ, ದೇವರು ಎಲ್ಲರಿಗೂ ನನ್ನಂಥ ಮೂಗು ಕೊಡುವುದಿಲ್ಲ ಎಂದು ಮರುಗಿದೆ. ಮಾರನೆಯ ದಿನ ಮೂಲೆಯಂಗಡಿಗೆ ಇಂಗಿನ ಡಬ್ಬಿ ವಾಪಸು ಒಯ್ದು, ಕಲಬೆರಕೆಯ ಬಗ್ಗೆ ಗಿರಾಕಿಗಳ ಮುಂದೆ ಭಾಷಣ ಮಾಡಿದೆ. "ಸಾರ್, ಇಂಗು ಇರೋದೇ ಹಂಗೆ," ಎಂದ ಅಂಗಡಿಯವನು. ಅವನ ಅಜ್ಞಾನವನ್ನೂ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಗೃಹಪ್ರವೇಶದ ದಿನ ಪೂಜೆ ಮುಗಿದು ಮೊದಲ ಪಂಕ್ತಿ ಕೂತಿತ್ತು. ಗಿರಿಜಾಳ ಅತ್ತೆ, ಅವರ ಬಳಗವೆಲ್ಲ ಎಲೆಯ ಮುಂದೆ. ಬಾಳೆಎಲೆ ಸಾಲದೆಂದು ತರಲು ಹೋಗಿದ್ದ ನಾನು ಆಗಷ್ಟೇ ಬಂದು, ಉಸ್ತುವಾರಿಯ ಗತ್ತಿನಲ್ಲಿ ಸಾರಿನ ಪಾತ್ರೆಯ ಮುಚ್ಚಳ ತೆಗೆದೆ. ಮೋರಿ! ಸಾಕ್ಷಾತ್ ಮೋರಿ!

"ಬಸಣ್ಣ! ಹಳಸಿದ ಸಾರು ಬಡಿಸ್ತಾ ಇದೀರಾ?"

ದಾವಣಗೆರೆ ಕಡೆಯ ಅಡುಗೆಯವರು ಬಸಣ್ಣ. ಸೌಟು ಹಿಡಿದವರು ಹಾಗೇ ನಿಂತರು. "ಏನಂತೀರಿ ಸಾರ್? ಈಗಿನ್ನೂ ಒಲೆಯಿಂದ ಇಳಿಸೀನಿ. ರುಚಿ ನೋಡ್ರಿ ಬೇಕಾದ್ರೆ."

ನೋಡಿದೆ. ನಾಲಿಗೆಯೂ ಮೂಗಿನ ಪಕ್ಷವನ್ನೇ ಸೇರಿತು. ಉಗುಳಿದವನೇ ಹೊರಗೆ ಓಡಿ, ಪಂಕ್ತಿಯ ನಡುವೆ ನಿಂತು ಎರಡೂ ಕೈ ಎತ್ತಿ ಕೂಗಿದೆ: "ಯಾರೂ ತಿನ್ನಬೇಡಿ! ಊಟ ಕೆಟ್ಟುಹೋಗಿದೆ!"

ತುತ್ತುಗಳು ಅಲ್ಲಲ್ಲೇ ನಿಂತವು. ಹಿರಿಯರೊಬ್ಬರು ಗಂಟಲಿಗೆ ಬೆರಳು ಹಾಕಿಕೊಂಡು ಬಚ್ಚಲಿಗೆ ಓಡಿದರು. ಸುದ್ದಿ ಗೇಟು ಮುಟ್ಟುವಷ್ಟರಲ್ಲಿ ಸಾರಿನಲ್ಲಿ ಹಲ್ಲಿ ಬಿದ್ದಿತ್ತು! ಎರಡನೇ ಪಂಕ್ತಿಗೆ ಕಾದಿದ್ದವರು ತಾಂಬೂಲ ಹಿಡಿದು ಗಾಡಿ ಸ್ಟಾರ್ಟ್ ಮಾಡಿದರು. ನಾನೋ, ಇಷ್ಟು ಜನರ ಪ್ರಾಣ ಉಳಿಸಿದೆನಲ್ಲ ಎಂದು ಎದೆಯುಬ್ಬಿಸಿ ನಿಂತಿದ್ದೆ.

ಏಳದೆ ಕೂತಿದ್ದವರು ಗಿರಿಜಾಳ ಅತ್ತೆ ಒಬ್ಬರೇ. ಸಾರನ್ನ ಕಲಸಿ ಎರಡು ತುತ್ತು ನಿಧಾನವಾಗಿ ಉಂಡರು. "ಚೆನ್ನಾಗೇ ಇದೆಯಲ್ಲಪ್ಪಾ. ನಿನಗೇನಾಗಿದೆ?"

ಶಶಿಕಲಾ ರುಚಿ ನೋಡಿದಳು. ಗಿರಿಜಾಳ ಗಂಡ ನೋಡಿದ. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೊಸ ಟೈಲ್ಸ್ ಹಾಕಿಸಿದ್ದರು, ಬಿಡಲಿಲ್ಲ.

ಗಿರಿಜಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅರ್ಧಕ್ಕೇ ಬಿಟ್ಟೆದ್ದ ಎಲೆಗಳ ಮುಂದೆ ಕಣ್ಣು ತುಂಬಿಕೊಂಡು ನಿಂತಿದ್ದಳು. "ಅಣ್ಣಾ, ನಮ್ಮತ್ತೆ ಒಂದು ಕೆಟ್ಟ ಮಾತೂ ಆಡ್ಲಿಲ್ಲ. ಆಡಿದ್ದು ನೀನು."

ನಾಚಿಕೆಯಿಂದ ನಾನು ಊಟವನ್ನೂ ಮಾಡದೆ ಮನೆಗೆ ಬಂದೆ. ಮರುದಿನ ಶಶಿಕಲಾ ನನ್ನನ್ನು ಮೂಗಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

"ನೆಗಡಿಯಲ್ಲಿ ಮೂಗಿನ ನರಗಳಿಗೆ ಪೆಟ್ಟಾಗಿದೆ," ಎಂದರು ಡಾಕ್ಟರು. "ಈಗ ಮತ್ತೆ ಬೆಳೀತಾ ಕನೆಕ್ಷನ್ ಅಡ್ಡಾದಿಡ್ಡಿ ಆಗಿದೆ. ಒಳ್ಳೇ ವಾಸನೆ, ಕೆಟ್ಟ ವಾಸನೆ ಅಂತ ತೀರ್ಮಾನ ಮಾಡೋದು ಮೂಗಲ್ಲ, ಮೆದುಳು. ಅದಕ್ಕೆ ತಪ್ಪು ಸುದ್ದಿ ಹೋಗ್ತಿದೆ. ನೀವು ಯೋಚನೆ ಮಾಡೋಕೆ ಮುಂಚೇನೇ ಅದು ಥೂ ಅಂದ್ಬಿಡುತ್ತೆ."

"ಹಂಗಾದ್ರೆ ಇವರ ಮೂಗಲ್ಲ ಡಾಕ್ಟ್ರೇ, ತಲೆ ಕೆಟ್ಟಿರೋದು," ಎಂದಳು ಶಶಿಕಲಾ.

ಡಾಕ್ಟರು ಸ್ವಲ್ಪ ಯೋಚಿಸಿದರು. "ಒಂದು ರೀತಿಯಲ್ಲಿ ಹೌದಮ್ಮ. ನಿಧಾನಕ್ಕೆ ಸರಿಹೋಗ್ಬಹುದು."

ಬಸಣ್ಣನವರಿಗೆ ಫೋನಿನಲ್ಲಿ ಕ್ಷಮೆ ಕೇಳಿದೆ. ಗಿರಿಜಾಳ ಮನೆಗೆ ಮಾತ್ರ ಖುದ್ದಾಗಿ ಹೋಗಬೇಕಿತ್ತು. ಹೋದೆ. ಅವಳ ಅತ್ತೆಯ ಎದುರೇ ಮೆದುಳು, ನರ, ಕನೆಕ್ಷನ್ ಎಲ್ಲವನ್ನೂ ಒದರಿ, "ತಪ್ಪಾಯ್ತಮ್ಮ," ಎಂದೆ. ಗಿರಿಜಾ ಒಳಗೆ ಹೋಗಿ ದೊಡ್ಡ ಲೋಟದಲ್ಲಿ ಫಿಲ್ಟರ್ ಕಾಫಿ ತಂದುಕೊಟ್ಟಳು. ಅಪ್ಪಟ ಸುಟ್ಟ ಟೈರು! ಕಣ್ಣಲ್ಲಿ ನೀರು ಬಂತು.

"ಹೇಗಿದೆ ಅಣ್ಣಾ?" ನನ್ನ ಮುಖವನ್ನೇ ನೋಡುತ್ತಿದ್ದಳು.

"ಘಮಘಮ," ಎಂದೆ.

ಅವಳ ತುಟಿ ಅದುರಿತು, ಆಮೇಲೆ ನಕ್ಕೇಬಿಟ್ಟಳು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ಮನೆಯಲ್ಲಿ ಅತ್ತೆ-ಸೊಸೆ ಜೊತೆಯಾಗಿ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು.

"ಅಷ್ಟು ಚೆನ್ನಾಗಿದ್ರೆ ಇನ್ನೊಂದು ಲೋಟ ಕೊಡಮ್ಮ," ಎಂದರು ಅತ್ತೆ. "ತುಂಬ ಕೊಡು."

ಉಸಿರು ಬಿಗಿಹಿಡಿದು ಅದನ್ನೂ ಕುಡಿದೆ.