ಉಪ್ಪಿಟ್ಟಿನ ಪರೀಕ್ಷೆ

ಹೆದರಿಕೆಯಾದಾಗ ಕೆಲವರು ದೇವರ ಮುಂದೆ ಕೂರುತ್ತಾರೆ, ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ನಾನು ಮನೆ ಒಪ್ಪ ಮಾಡುತ್ತೇನೆ. ಹುಲಿಕೆರೆಯ ನನ್ನ ತವರುಮನೆಗೆ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಾರೆ ಎಂದಾಗ, ಅಟ್ಟದ ಮೇಲಿದ್ದ ಹಳೇ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಬಂದವರು ಯಾರೂ ಅಟ್ಟ ಹತ್ತಲಿಲ್ಲ. ಈ ಗುಣವೇ ಮೊನ್ನೆ ನನ್ನನ್ನು ಮುಳುಗಿಸುವುದರಲ್ಲಿತ್ತು.

ಆಗಿದ್ದಿಷ್ಟು. ಒಂದೇ ವಾರದಲ್ಲಿ ಎರಡು ಸಲ ಹಾಲು ಒಲೆಯ ಮೇಲಿಟ್ಟು ಮರೆತೆ. ಎರಡನೇ ಸಲ ಪಾತ್ರೆಯ ತಳ ಸೀದು ಕರ್ರಗಾಗಿತ್ತು. ಅರಸೀಕೆರೆಯ ಕೊಬ್ಬರಿ ಮಂಡಿಯಿಂದ ಊಟಕ್ಕೆ ಬಂದ ನಮ್ಮ ಯಜಮಾನರು ಮನೆ ತುಂಬಾ ಹೊಗೆ ನೋಡಿದರು. ಬೈದಿದ್ದರೆ ನಾನು ಹೆದರುತ್ತಿರಲಿಲ್ಲ, ಅದು ರೂಢಿಯಾಗಿದೆ. ಅವರು ಬೈಯಲಿಲ್ಲ, ಮೆತ್ತಗೆ ಕಿಟಕಿ ತೆಗೆದರು. ನಮ್ಮ ಅಮ್ಮನಿಗೂ ಮರೆವು ಹೀಗೇ ಹಾಲಿನಿಂದಲೇ ಶುರುವಾಗಿತ್ತು. ಕೊನೆಕೊನೆಗೆ ಅವಳು ನನ್ನನ್ನೇ "ಯಾರ ಮನೆಯವಳಮ್ಮ ನೀನು?" ಎಂದು ಕೇಳುತ್ತಿದ್ದಳು.

ಯಜಮಾನರು ಕರೆದುಕೊಂಡು ಹೋಗಿ ತೋರಿಸಿದ ಡಾಕ್ಟರು ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಹುಡುಗಿಯನ್ನು ಮನೆಗೇ ಕಳಿಸುತ್ತೇನೆ ಎಂದರು. ಹೆಸರು ಉದ್ದ, ಕೆಲಸ ಇಷ್ಟೇ: ನಮ್ಮ ನೆನಪು, ಗಮನ, ಯೋಚನೆ ದಿನದ ಕೆಲಸಕ್ಕೆ ಒದಗುತ್ತಿವೆಯೋ ಇಲ್ಲವೋ ಎಂದು, ಕೆಲಸ ಮಾಡಿಸಿಯೇ ನೋಡುವುದು. "ಆ ಹುಡುಗಿ ನೋಡಿ ಬೇಡ ಅಂದ್ರೆ ಅಡುಗೆಗೆ ಯಾರನ್ನಾದ್ರೂ ಇಟ್ಕೊಳಾಣ. ನೀನು ಒಲೆ ಹತ್ರ ಹೋಗ್ಬೇಡ ಕಣೇ," ಎಂದರು ಯಜಮಾನರು. ನನ್ನ ಅಡುಗೆಮನೆಯಲ್ಲಿ ಇನ್ಯಾರೋ, ನಾನು ಜಗಲಿಯ ಮೇಲೆ! ಪಾಸಾದರೆ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತುತ್ತೇನೆ ಎಂದು ಹರಕೆ ಹೊತ್ತೆ. ನನಗೆ ಮಂಡಿನೋವಿದೆ ಎಂಬುದು ಆಮೇಲೆ ನೆನಪಾಯಿತು. ಅದನ್ನೂ ಮರೆತೆನಲ್ಲ ಎಂದು ಇನ್ನಷ್ಟು ಹೆದರಿದೆ.

ಆಕೆ ಬರುವ ಹಿಂದಿನ ದಿನ ಸುಮ್ಮನಿರಲು ಆಗಲಿಲ್ಲ. ಡಬ್ಬಗಳನ್ನೆಲ್ಲ ಇಳಿಸಿ, ತೊಳೆದು, ದೊಡ್ಡದರ ಪಕ್ಕ ದೊಡ್ಡದು, ಚಿಕ್ಕದರ ಪಕ್ಕ ಚಿಕ್ಕದು ಎಂದು ಅಂಗಡಿಯವರ ಹಾಗೆ ಜೋಡಿಸಿಟ್ಟೆ.

ಹುಡುಗಿ ನಗುನಗುತ್ತಾ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಳು. "ಆಂಟಿ, ದಿನಾ ಮಾಡೋ ಹಾಗೇ ಉಪ್ಪಿಟ್ಟು ಮಾಡಿ. ನಾನು ಇಲ್ಲಿ ಇಲ್ವೇ ಇಲ್ಲ ಅಂದ್ಕೊಳ್ಳಿ." ಮನೆಗೆ ಬಂದವಳನ್ನು ಇಲ್ಲ ಅಂದುಕೊಳ್ಳುವುದು ಹೇಗೆ? ಬಾಣಲೆಗೆ ಎಣ್ಣೆ ಹಾಕಿ ಅವಳಿಗೆ ನೀರು ಕೊಟ್ಟೆ, ಬಾಳೆಹಣ್ಣು ಕೊಟ್ಟೆ, ಯಾರ ಪೈಕಿ ಎಂದು ವಿಚಾರಿಸಿದೆ. ಅಷ್ಟರಲ್ಲಿ ಎಣ್ಣೆ ಹೊಗೆಯಾಡಿತು. ಉರಿ ಸಣ್ಣ ಮಾಡಿ ಸಾಸಿವೆಗೆ ಕೈ ಹಾಕಿದರೆ ಮೆಂತ್ಯ ಬಂತು. ರವೆ ಎಂದು ತೆಗೆದರೆ ಅವಲಕ್ಕಿ. ಉಪ್ಪು ಎಲ್ಲೂ ಇಲ್ಲ. ಮೂಲೆಯಲ್ಲಿ ಪೆನ್ನು ಓಡುತ್ತಲೇ ಇತ್ತು. ನನ್ನ ಕೈ ಒಂದೊಂದೇ ಡಬ್ಬವನ್ನು ತಡಕತೊಡಗಿತು. ನೋಡಿದರೆ ಥೇಟ್ ಅಮ್ಮನ ಕೈ.

"ರೀ, ಉಪ್ಪೆಲ್ಲಿ?" ಎಂದು ಕೂಗಿದೆ.

ಬಾಗಿಲಲ್ಲೇ ನಿಂತಿದ್ದ ಯಜಮಾನರು ಗಾಬರಿಯಾಗಿ, "ಉಪ್ಪಾ? ತಟ್ಟೇಲಿರುತ್ತಲ್ಲೇ!" ಎಂದರು.

ಒಲೆ ಆರಿಸಿ ಅಲ್ಲೇ ಕೂತು ಅತ್ತುಬಿಟ್ಟೆ. ಹುಡುಗಿ ಎದ್ದು ಪಕ್ಕಕ್ಕೆ ಬಂದಳು. "ಡಬ್ಬ ಯಾವಾಗ ಜೋಡಿಸಿದ್ರಿ ಆಂಟಿ?"

"ನೆನ್ನೆ. ನೀವು ಬತ್ತೀರಾ ಅಂತ."

ಅವಳಿಗೆ ನಗು ತಡೆಯಲಾಗಲಿಲ್ಲ. "ಕೈಗೆ ಗೊತ್ತಿದ್ದ ಜಾಗಾನೆಲ್ಲ ನೀವೇ ಬದಲಾಯಿಸಿಬಿಟ್ರಲ್ಲ! ಮೊದಲಿದ್ದ ಹಾಗೇ ಇಡಿ, ಮುಂದಿನ ವಾರ ಬಂದು ಇನ್ನೊಂದ್ಸಲ ನೋಡ್ತೀನಿ. ಹೊಗೆ ಬಂದಾಗ ಉರಿ ಸಣ್ಣ ಮಾಡಿದ್ರಿ, ಗಾಬರಿಯಾದಾಗ ಒಲೆ ಆರಿಸಿದ್ರಿ. ಅದನ್ನೂ ಬರ್ಕೊಂಡಿದ್ದೀನಿ. ಅಲ್ಲೀವರೆಗೂ ಅಡುಗೆ ಮಾಡಿ, ಆದ್ರೆ ಹಾಲಿಟ್ಟು ಆಚೆ ಹೋಗ್ಬೇಡಿ."

ಸಂಜೆ ಡಬ್ಬಗಳನ್ನು ವಾಪಸ್ ಇಡತೊಡಗಿದೆ. ಯೋಚಿಸುವ ಮೊದಲೇ ಕೈ ತಾನಾಗಿ ಹೋಗಿ ಒಂದೊಂದನ್ನೂ ಅದರದರ ಜಾಗದಲ್ಲಿ ಇಟ್ಟಿತು. ಎದೆಯ ಭಾರ ಇಳಿಯುತ್ತಾ ಬಂತು. ಎಲ್ಲ ಮುಗಿದ ಮೇಲೆ ನೋಡಿದರೆ ಕಿಟಕಿ ಪಕ್ಕ ಒಂದು ಡಬ್ಬದಷ್ಟು ಜಾಗ ಖಾಲಿ. ಅಲ್ಲಿ ಏನಿತ್ತು? ಎಷ್ಟು ಹೊತ್ತು ನಿಂತರೂ ಹೊಳೆಯಲಿಲ್ಲ.

"ರೀ, ಇಲ್ಲೇನಿತ್ತು?"

ಅವರು ಬಂದು ಆ ಜಾಗ ನೋಡಿದರು, ನನ್ನ ಮುಖ ನೋಡಿದರು. "ಏನೂ ಇರ್ಲಿಲ್ಲ ಕಣೇ. ಅದು ಮೊದ್ಲಿಂದ್ಲೂ ಖಾಲಿನೇ," ಎಂದರು.

ನಂಬಿದ್ದೇನೆ. ಉಪ್ಪು ತಟ್ಟೆಯಲ್ಲಿರುತ್ತದೆ ಎನ್ನುವ ಯಜಮಾನರ ಸಾಕ್ಷಿಯ ಮೇಲೆ, ಸದ್ಯಕ್ಕೆ, ನನ್ನ ತಲೆ ನೆಟ್ಟಗಿದೆ.